ದೊಡ್ಡಮ್ಮನ ಬಿಳಿ ನಾಲಗೆಯ ಸಾಲ್ವಿಯಾ

ನಮ್ಮ ದೊಡ್ಡಮ್ಮಂಗೆ ಸಿಟ್ಟು ಬರುತ್ತೆ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪೋದೇ ಇಲ್ಲ. ಬರೋಕೆ ಅದು ಮೊದ್ಲು ಎಲ್ಲಿಗಾದ್ರೂ ಹೋಗಿರ್ಬೇಕಲ್ವಾ? ದೊಡ್ಡಮ್ಮನ ಸಿಟ್ಟು ಎಲ್ಲಿಗೂ ಹೋಗಲ್ಲ. ಮನೇಲೇ ಇರುತ್ತೆ, ಅವಳ ಜೊತೆನೇ ಎದ್ದು, ಮುಖ ತೊಳ್ಕೊಂಡು, ವಿಭೂತಿ ಇಟ್ಕೊಂಡು ಜಗಲಿಗೆ ಬರುತ್ತೆ. ಮೊದಲ್ನೇ ಬೈಗುಳ ಆಚೆ ಬೀದಿ ಹುಂಜಕ್ಕೆ, ಬೇಗ ಕೂಗ್ತು ಅಂತ. ಎರಡನೇದು ನಲ್ಲಿ ನೀರಿಗೆ, ತಡವಾಗಿ ಬಂತು ಅಂತ. ಆಮೇಲೆ ದೊಡ್ಡಪ್ಪಂಗೆ, ಯಾಕೆ ಅಂತ ದೊಡ್ಡಪ್ಪಂಗೂ ಗೊತ್ತಿಲ್ಲ, ಕೇಳೋದನ್ನ ಬಿಟ್ಟು ಎಷ್ಟೋ ವರ್ಷ ಆಯ್ತು. ಆಮೇಲೆ ನಂಗೆ. ನಾನು ಗುಂಡ್ಲುಪೇಟೆಯವಳು, ಚಾಮರಾಜನಗರದಲ್ಲಿ ಬಿ.ಎಸ್ಸಿ. ಮಾಡ್ತಿದೀನಿ, ಹರದನಹಳ್ಳಿಲಿ ಇವಳ ಮನೇಲಿದ್ಕೊಂಡು ದಿನಾ ಬಸ್ಸಲ್ಲಿ ಕಾಲೇಜಿಗೆ ಹೋಗ್ಬರ್ತೀನಿ, ಹಂಗಾಗಿ ನನ್ನ ಪಾಲು ನಂಗೆ ದಿನಾ ಸಿಗುತ್ತೆ. ಸೀರಿಯಸ್ಲಿ ಹೇಳ್ತೀನಿ, ನಂಗೆ ಇವಳಷ್ಟು ಇಷ್ಟ ಆಗೋ ಮನುಷ್ಯರು ಇನ್ನೊಬ್ರಿಲ್ಲ.

ಹೆಸರು ಪುಟ್ಟಮಲ್ಲಮ್ಮ. ಹುಟ್ಟಿದ್ದು ಕುದೇರಲ್ಲಿ. ಅಲ್ಲಿ ಅವ್ರಪ್ಪನ ಹಿತ್ತಲು ತುಂಬ ಹೂವೇ ಹೂವಂತೆ, ಕಾಕಡ, ಕನಕಾಂಬರ, ದಾಸವಾಳ, ಎಲ್ಲಾ ಇವಳೇ ನೀರು ಹಾಕಿ ಬೆಳೆಸಿದ್ದು. ಮದುವೆ ಆಗಿ ಹರದನಹಳ್ಳಿಗೆ ಬರುವಾಗ ಒಂದು ದಾಸವಾಳದ ಕಡ್ಡಿ ಒದ್ದೆ ಬಟ್ಟೇಲಿ ಸುತ್ಕೊಂಡು ಬಂದಿದ್ಲು. ಅದು ಆಳೆತ್ತರ ಬೆಳೆದ ಮೇಲೆ ಅವರ ಅತ್ತೆ ಒಂದಿನ ಕಡಿಸಿ ಹಾಕಿದ್ರು, ಕೊಟ್ಟಿಗೆ ಉದ್ದ ಮಾಡ್ಬೇಕಿತ್ತು. ಆಮೇಲೆ ಒಂದು ಸೀಬೆ ಗಿಡ ಇತ್ತು, ಟ್ರ್ಯಾಕ್ಟರ್ ತಿರುಗಿಸೋಕೆ ಅಡ್ಡ ಅಂತ ಹೋಯ್ತು. ಎರಡು ಸಲನೂ ಇವಳನ್ನ ಯಾರೂ ಒಂದು ಮಾತು ಕೇಳಲಿಲ್ಲ.

ಮೂರನೇದು ಕೇಳಿದ್ರೆ ನಿಮಗೂ ಸಿಟ್ಟು ಬರುತ್ತೆ. ದೊಡ್ಡಮ್ಮ ಗರ್ಭಕೋಶದ ಆಪರೇಷನ್ ಆಗಿ ಆಸ್ಪತ್ರೇಲಿದ್ಲು. ವಾಪಸ್ ಬಂದು ಆಟೋ ಇಂದ ಇಳಿದು ನೋಡಿದ್ರೆ ಮನೆ ಮುಂದೆ ಅಂಗಳಾನೇ ಇಲ್ಲ, ಪೂರ್ತಿ ಸಿಮೆಂಟು. ಅವಳ ಸೇವಂತಿಗೆ, ಅವಳ ಗೋರಂಟಿ, ಎಲ್ಲಾ ಅದರ ಕೆಳಗೆ. ದೊಡ್ಡಪ್ಪ, ಅಂದ್ರೆ ಗುರುಪಾದಸ್ವಾಮಿ, ಪಾಪ ಖುಷಿಯಾಗಿ ತೋರಿಸಿದ್ರಂತೆ, ಇನ್ಮೇಲೆ ನಿಂಗೆ ಗುಡಿಸೋಕೆ ಸುಲಭ ಅಂತ. ಹೊಟ್ಟೇಲಿ ಹೊಲಿಗೆ ಇಟ್ಕೊಂಡೇ ಅವಳು ಎಷ್ಟು ಜೋರಾಗಿ ಕೂಗಾಡಿದ್ಲು ಅಂದ್ರೆ ಆಟೋದವನು ಬಾಡಿಗೆ ಕೇಳೋದನ್ನೇ ಮರೆತು ಹೊರಟೋದ. ಹೊಲಿಗೆ ಮಾಗಿದ ಮೇಲೆ ಯಾರಿಗೂ ಹೇಳ್ದೆ ಹಾರೆ ತಗೊಂಡು ಜಗಲಿ ಪಕ್ಕದಲ್ಲಿ ಒಂದು ಚಾಪೆ ಅಗಲ ಸಿಮೆಂಟು ಒಡೆದು ತೆಗೆದ್ಲು. ಸೋಮೇಶಣ್ಣ, ಅವಳ ಮಗ, ತಡೆಯೋಕೆ ಹೋದಾಗ ಹಾರೆ ಅವನ ಕಡೆ ತಿರುಗಿಸಿ ನಿಂತ್ಲಂತೆ, ಅಷ್ಟೇ. ಆ ಚಾಪೆ ಅಗಲದ ಮಣ್ಣೇ ಅವಳ ತೋಟ.

ಸಾಲ್ವಿಯಾ ಬಂದಿದ್ದು ಬೇಗೂರಿಂದ. ನೆಂಟರ ಮದುವೆ ಮುಗಿಸ್ಕೊಂಡು ಬರ್ತಾ ಹೈವೇ ಪಕ್ಕದ ಒಂದು ಹೋಟೆಲ್ ಹತ್ರ ವ್ಯಾನ್ ನಿಲ್ಸಿದ್ರು, ನಾನೂ ಇದ್ದೆ. ಅಲ್ಲಿ ಸಾಲಾಗಿ ಕೆಂಪು ಹೂವು, ಊಟಿಗೆ ಹೋಗೋರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಳ್ತಿದ್ರು. ದೊಡ್ಡಮ್ಮ ನೇರ ಹೋಗಿ ಒಂದು ಒಣಗಿದ ತೆನೆ ಕಿತ್ತು ಸೆರಗಿನ ತುದಿಗೆ ಗಂಟು ಹಾಕ್ಕೊಂಡ್ಲು. ಹೋಟೆಲಿನವನು ನೋಡ್ಬಿಟ್ಟ. ಅವನು ಬಾಯಿ ತೆಗೆಯೋಕೆ ಮುಂಚೆ ಇವಳೇ ಶುರು ಮಾಡಿದ್ಲು, ಒಣಗಿದ್ ತೆನೆನೆಲ್ಲ ಗಿಡದಲ್ಲೇ ಬಿಟ್ಟಿದ್ದೀರಲ್ಲ, ಹಿಂಗ್ ಬಿಟ್ರೆ ಗಿಡ ಮತ್ತೆ ಹೂ ಬಿಡುತ್ತಾ, ತೋಟ ಮಾಡೋ ಲಕ್ಷಣನಾ ಇದು ಅಂತ. ಆ ಮನುಷ್ಯ ಸಾರಿ ಕೇಳಿದ. ಐ ಸ್ವೇರ್, ಕದ್ದಿದ್ದು ಇವಳು, ಸಾರಿ ಕೇಳಿದ್ದು ಅವನು.

ಸಾಲ್ವಿಯಾನೇ ಯಾಕೆ ಅಂತ ನಾನು ಒಂದ್ಸಲ ಕೇಳಿದ್ದೆ. ಅದನ್ನ ಅವಳು 'ಸಾಲ್ವಿ' ಅಂತಾಳೆ, ಯಾರೋ ಸೊಸೆ ಹೆಸರಿನ ಥರ.

"ಮುಡಿಯಂಗಿಲ್ಲ, ವಾಸ್ನೆ ಇಲ್ಲ. ಪೂಜೆಗ ಬರಲ್ಲ. ಮಾರಂಗಿಲ್ಲ," ಅಂದ್ಲು. "ಯಾವಳೂ ಕೇಳ್ಕಂಡ್ ಬರಲ್ಲ ಕಣಮ್ಮಿ. ಅದ್ಕೇ ನಂದು."

ಮೊದಲ ವರ್ಷ ಎಲ್ಲಾ ಕೆಂಪೇ ಬಂತು. ಒಂದೊಂದು ತೆನೇಲಿ ಸಾಲು ಸಾಲು ಕೆಂಪು ಗೊಂಚಲು, ಒಳಗಿಂದ ಕೆಂಪು ನಾಲಗೆ ಚಾಚಿದ ಥರ ಹೂವು. ಪುಟ್ಟ ಪುಟ್ಟ ಹಕ್ಕಿ ಬಂದು ಜೇನು ಕುಡೀತಿದ್ವು, ಸ್ಕೂಲಿಗೆ ಹೋಗೋ ಮಕ್ಕಳು ಬಂದು ಹೂವು ಕಿತ್ತು ಚೀಪ್ತಿದ್ವು, ಹಕ್ಕಿಗೆ ಬೈಯ್ತಿರಲಿಲ್ಲ, ಮಕ್ಕಳಿಗೆ ಬೈಯ್ತಿದ್ಲು. ಆಮೇಲಿನ ವರ್ಷ ಒಂದು ಗಿಡ, ಒಂದೇ ಒಂದು, ಬೇರೆ ಥರ ಬಂತು. ಹೊರಗಿನ ಗೊಂಚಲು ಕೆಂಪೇ, ಒಳಗಿನ ನಾಲಗೆ ಮಾತ್ರ ಹಾಲಿನಂಗೆ ಬಿಳಿ. ನಾನು ಫೋಟೋ ತೆಗೆದು ಇಂಟರ್ನೆಟ್ಟಲ್ಲೆಲ್ಲ ಹುಡುಕಿದೆ, ಹಂಗಿರೋದು ಇರುತ್ತೆ ಅಂತ ಸಿಕ್ತು, ಆದ್ರೆ ನಮ್ಮ ಕಡೆ ಯಾವ ನರ್ಸರಿಲೂ ಸಿಗಲಿಲ್ಲ. ದೊಡ್ಡಮ್ಮ ಅದನ್ನ ನೋಡ್ತಾ ಸುಮ್ನೆ ಕೂತಿದ್ಲು. ಸುಮ್ನೆ, ಮಾತಿಲ್ಲದೆ. ದೊಡ್ಡಪ್ಪ ಗಾಬರಿಯಾಗಿ ಜ್ವರನಾ ಅಂತ ಕೇಳಿದ್ರು.

ಆ ಗಿಡದ ಬೀಜ ಮಾತ್ರ ಉಳಿಸ್ಬೇಕು ಅಂತ ಅವಳ ಹಠ. ಬೇರೆ ಕೆಂಪು ಗಿಡದ ತೆನೆಯೆಲ್ಲ ಹೂ ಬಾಡಿದ ತಕ್ಷಣ ಕತ್ತರಿಸಿ ಹಾಕ್ತಿದ್ಲು, ಬಿಳಿ ನಾಲಗೆದನ್ನ ಮಾತ್ರ ಗಿಡದಲ್ಲೇ ಒಣಗೋಕೆ ಬಿಟ್ಲು. ಅದು ಪೂರ್ತಿ ಒಣಗೋ ಹೊತ್ತಿಗೆ ಯುಗಾದಿ ಹತ್ರ ಬಂತು, ಕುದೇರಲ್ಲಿ ಅವಳ ಅಣ್ಣನ ಮನೇಲಿ ತೊಟ್ಟಿಲು ಶಾಸ್ತ್ರ ಅಂತ ಎರಡು ದಿನಕ್ಕೆ ಹೋದ್ಲು.

ಇಲ್ಲಿ ಸುಧಾಮಣಿ ಅತ್ತಿಗೆ ವಿಷಯ ಹೇಳ್ಬೇಕು. ಸೋಮೇಶಣ್ಣನ ಹೆಂಡ್ತಿ, ದೊಡ್ಡಮ್ಮನ ಸೊಸೆ, ಬೈಗುಳ ತಿಂದೂ ತಿಂದೂ ಆ ಮನೇಲಿ ಬೆಕ್ಕಿನ ಥರ ನಡೀತಾಳೆ. ಹಬ್ಬಕ್ಕೆ ಮುಂಚೆ ಮನೆ ಮುಂದೆ ಒಣಗಿದ್ದು ಒಂದು ಕಡ್ಡಿನೂ ನಿಂತಿರಬಾರದು ಅಂತ ನಮ್ಮ ಕಡೆ ಎಲ್ಲರ ಮನೇಲೂ ಇದೆ. ಅತ್ತೆ ಬರೋ ಹೊತ್ತಿಗೆ ಅಂಗಳ ಲಕಲಕ ಅನ್ನಬೇಕು, ಆಗ ಬೈಯೋಕೆ ಏನೂ ಇರಲ್ಲ ಅಂತ ಅತ್ತಿಗೆ ಜಗಲಿ ಪಕ್ಕದ ಗಿಡಾನೆಲ್ಲ ಬುಡಸಮೇತ ಕಿತ್ತು, ಗುಡಿಸಿ, ತಿಪ್ಪೆಗೆ ಹಾಕಿ, ಆ ಮಣ್ಣನ್ನ ಸಗಣೀಲಿ ಸಾರಿಸಿ ರಂಗೋಲಿ ಇಟ್ಟು ಕಾಯ್ತಾ ನಿಂತಿದ್ಲು. ಬೈಗುಳಕ್ಕೆ ಹೆದರಿಕೊಂಡು ಮಾಡಿದ ಕೆಲಸ ಅದು. ಗಿಡ ತಿಪ್ಪೆಗೆ ಬಿದ್ದ ಮೇಲೆ ಸೋಮೇಶಣ್ಣ ತಿಪ್ಪೆ ಗೊಬ್ಬರಾನೆಲ್ಲ ಟ್ರ್ಯಾಕ್ಟರಿಗೆ ತುಂಬಿ ಅರಿಸಿನ ಹಾಕೋ ಹೊಲಕ್ಕೆ ಹೊಡೆದೂ ಆಗಿತ್ತು.

ದೊಡ್ಡಮ್ಮ ಬಸ್ಸಿಳಿದು ಬಂದ್ಲು. ರಂಗೋಲಿ ನೋಡಿದ್ಲು. ಬ್ಯಾಗು ಕೆಳಗಿಟ್ಲು.

ನಾನು ಅವತ್ತು ಕೇಳಿದ್ದನ್ನೆಲ್ಲ ಬರೆಯೋಕೆ ಆಗಲ್ಲ. ಬೈಗುಳ ಅಲ್ಲ, ಅದು ಬೇರೆ ಏನೋ. ದಾಸವಾಳದಿಂದ ಶುರು ಮಾಡಿ, ಸೀಬೆ, ಸಿಮೆಂಟು, ಸತ್ತು ಹೋದ ಅತ್ತೆ, ಬದುಕಿರೋ ಗಂಡ, ಯಾರನ್ನೂ ಬಿಡಲಿಲ್ಲ. ಅತ್ತಿಗೆ ಅಳ್ತಾ, ಒಣಗೋಗಿತ್ತು ಅತ್ತೆ, ಅದ್ಕೇ ಕಿತ್ತೆ ಅಂದಾಗ ದೊಡ್ಡಮ್ಮ ಒಂದೇ ಮಾತು ಅಂದಿದ್ದು.

"ಒಣಗಿದ್ದು ಅಂದ್ರ ಸತ್ತೋಯ್ತು ಅಂತನಾ? ಒಂದ್ ಮಾತ ಕೇಳಬಾರ್ದಾ ನೀವ್ ಯಾರೂ?"

ಆಮೇಲೆ ಒಬ್ಬಳೇ ಹೊಲಕ್ಕೆ ಹೋಗಿ ಗೊಬ್ಬರದ ಗುಡ್ಡೆ ಕೆದಕಿ ಕೆದಕಿ ಕತ್ತಲಾಗೋ ಹೊತ್ತಿಗೆ ಬರಿಗೈಲಿ ಬಂದ್ಲು. ತಿಪ್ಪೆ ಬಿಸಿಗೆ ಬೀಜ ಬೆಂದೇ ಹೋಗಿರುತ್ತೆ ಅಂತ ಅವಳೇ ಹೇಳ್ಕೊಂಡ್ಲು. ಆ ವರ್ಷದ ಯುಗಾದಿಗೆ ನಮ್ಮನೇಲಿ ಬೇವೇ ಜಾಸ್ತಿ, ಬೆಲ್ಲ ಇರಲಿಲ್ಲ ಅಂತ ಸೋಮೇಶಣ್ಣ ಈಗ್ಲೂ ಅಂತಾನೆ. ಚಾಪೆ ಅಗಲದ ಮಣ್ಣಲ್ಲಿ ಅವಳು ಏನೂ ಹಾಕಲಿಲ್ಲ. ನಾನು ನರ್ಸರಿಯಿಂದ ಕೆಂಪು ಸಾಲ್ವಿಯಾ ತಂದ್ಕೊಡ್ತೀನಿ ಅಂದ್ರೆ ನಿನ್ ಕೆಂಪು ಯಾರಿಗ್ ಬೇಕು ಅಂದ್ಲು.

ಮಳೆ ಬಂತು, ಅರಿಸಿನ ಮೊಳಕೆ ಎದ್ದಿತು, ಕಳೆನೂ ಎದ್ದಿತು. ಕಳೆ ಕೀಳೋಕೆ ಬರೋರಿಗೆ ಬಸವಮ್ಮ ಲೀಡರ್. ಆಚೆ ಬೀದಿ ರಂಗಸ್ವಾಮಿ ಹೆಂಡ್ತಿ. ಅವರ ಮನೆತನ ಬೆಟ್ಟದ ರಂಗಪ್ಪನ ಒಕ್ಕಲು, ಹಣೇಲಿ ನಾಮ, ಬಾಗಿಲಲ್ಲಿ ತುಳಸಿ ಕಟ್ಟೆ. ನಮ್ಮದು ಲಿಂಗ ಕಟ್ಟೋ ಮನೆ, ಹಣೇಲಿ ವಿಭೂತಿ, ತುಳಸಿ ಗಿಳಸಿ ನಮ್ಮಲ್ಲಿಲ್ಲ. ಬಸವಮ್ಮ ನಮ್ಮ ಜಗಲಿ ತನಕ ಬರ್ತಾಳೆ. ದೊಡ್ಡಮ್ಮ ಮದುವೆಯಾಗಿ ಬಂದಾಗಿಂದ ಆ ಬೀದಿಗೆ ಹೋದೋಳೇ ಅಲ್ಲ. ಯಾಕೆ ಅಂತ ಕೇಳಿದ್ರೆ ಅಲ್ಲೇನ್ ಕೆಲ್ಸ ಅಂತಿದ್ಲು. ಯಾಕೆ ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳಲ್ಲ, ಅಷ್ಟೇ.

ಒಂದು ಸಂಜೆ ಕೆಲಸ ಮುಗಿಸ್ಕೊಂಡು ಬಂದ ಬಸವಮ್ಮ ಜಗಲಿ ಕೆಳಗೆ ನಿಂತು ಮುಖ ಅರಳಿಸ್ಕೊಂಡು ಹೇಳಿದ್ಲು, ನಿಮ್ಮ ಅರಿಸಿನದ ಮಧ್ಯೆ ಒಂದು ತುಳಸಿ ತಾನಾಗೇ ಹುಟ್ಟಿತ್ತು, ನಮ್ಮನೆ ಕಟ್ಟೆ ತುಳಸಿ ಬೇಸಿಗೇಲಿ ಒಣಗೋಗಿತ್ತು, ಅರಿಸಿನದೊಳಗೆ ಹುಟ್ಟಿದ್ ತುಳಸಿ ಅಂದ್ರೆ ಎಷ್ಟು ಶುಭ, ಮಣ್ಣು ಸಮೇತ ಎತ್ಕೊಂಡು ಹೋದೆ ಅಂತ. ದೊಡ್ಡಮ್ಮ ಪೂರ್ತಿ ಕೇಳ್ಲೂ ಇಲ್ಲ. ಕಳೆ ಕೀಳು ಅಂತ ಕರೆದ್ರೆ ಹೊಲದಲ್ಲಿ ದೇವರು ಹುಡುಕ್ತಾ ಕೂತಿದ್ಯಾ ಅಂತ ಅವಳಿಗೂ ಒಂದು ಕೊಟ್ಲು. ಬಸವಮ್ಮ ನಕ್ಕೊಂಡು ಹೋದ್ಲು. ನಾನು ಅಲ್ಲೇ ಅಸೈನ್‌ಮೆಂಟ್ ಬರೀತಾ ಕೂತಿದ್ದೆ, ನಂಗೂ ಏನೂ ಹೊಳೀಲಿಲ್ಲ.

ಕಾರ್ತಿಕ ಬಂತು. ಬಸ್‌ಸ್ಟಾಪಲ್ಲಿ ಸುದ್ದಿ, ಫ್ಲೋರ್ ಮಿಲ್ಲಲ್ಲಿ ಸುದ್ದಿ, ರಂಗಸ್ವಾಮಿ ಮನೆ ತುಳಸಿ ನಾಮದ ಹೂವು ಬಿಟ್ಟಿದೆ ಅಂತ. ಕೆಂಪು ಬಿಳಿ, ಕೆಂಪು ಬಿಳಿ, ಸಾಕ್ಷಾತ್ ರಂಗಪ್ಪನ ನಾಮ, ಅರಿಸಿನದ ಹೊಲದಲ್ಲಿ ಹುಟ್ಟಿದ್ದಂತೆ. ಪಕ್ಕದೂರಿಂದೆಲ್ಲ ಹೆಂಗಸರು ತಟ್ಟೆ ಹಿಡ್ಕೊಂಡು ಬರ್ತಿದ್ರು. ಸೋಮೇಶಣ್ಣ ಊಟ ಮಾಡ್ತಾ ಇದನ್ನ ತಮಾಷೆಯಾಗಿ ಹೇಳಿದ, ತುಳಸಿನೇ ಊರಿಗೆಲ್ಲ ನಾಮ ಹಾಕ್ತಿದೆ ಕಣವ್ವ ಅಂತ.

ದೊಡ್ಡಮ್ಮ ಸಾರಿನ ಸೌಟು ಹಿಡ್ಕೊಂಡೇ ನಿಂತ್ಬಿಟ್ಲು. ನಾನೂ ಅವಳೂ ಒಂದೇ ಸಲ ಮುಖ ನೋಡ್ಕೊಂಡ್ವಿ. ಹೂ ಬಿಡೋ ತನಕ ಸಾಲ್ವಿಯಾ ಸಸಿ ನೋಡೋಕೆ ತುಳಸಿ ಥರಾನೇ ಇರುತ್ತೆ. ಸೌಟನ್ನ ಸೋಮೇಶಣ್ಣನ ತಟ್ಟೆಗೇ ಬಿಟ್ಟು ಅವಳು ಚಪ್ಪಲಿ ಮೆಟ್ಟದೆ ಹೊರಟ್ಲು. ನಾನು ಹಿಂದೆ ಓಡಿದೆ. ಅವಳು ನಮ್ಮ ಬೀದಿ ದಾಟಿದ್ಲು, ಅರಳಿಕಟ್ಟೆ ದಾಟಿದ್ಲು, ಆಚೆ ಬೀದಿಗೆ ಕಾಲಿಟ್ಲು, ಜಗಲಿ ಮೇಲಿದ್ದ ಗಂಡಸರೆಲ್ಲ ಎದ್ದು ನಿಂತ್ರು, ಅವಳಿಗೆ ಇದ್ಯಾವುದೂ ಕಾಣ್ತಾನೇ ಇರಲಿಲ್ಲ. ಸಿಟ್ಟಲ್ಲಿ ಅವಳಿಗೆ ಎಲ್ಲಿಗೆ ಬಂದಿದೀನಿ ಅನ್ನೋದೇ ಮರೆತೋಗಿತ್ತು.

ಬಸವಮ್ಮನ ಬಾಗಿಲಲ್ಲಿ ಹಸಿರು ಪೇಂಟ್ ಹೊಡೆದ ಸಿಮೆಂಟಿನ ಕಟ್ಟೆ. ಅದರಲ್ಲಿ ಅರಿಸಿನ ದಾರ ಕಟ್ಟಿಸ್ಕೊಂಡು, ಬುಡಕ್ಕೆಲ್ಲ ಕುಂಕುಮ ಬಳಿಸ್ಕೊಂಡು, ಮುಂದೆ ದೀಪ ಇಟ್ಕೊಂಡು ನಮ್ಮ ಬಿಳಿ ನಾಲಗೆಯ ಸಾಲ್ವಿಯಾ ನಿಂತಿತ್ತು. ಐದಾರು ಹೆಂಗಸರು ಪ್ರದಕ್ಷಿಣೆ ಹಾಕ್ತಿದ್ರು. ಒಬ್ಬಳು ಬುಡಕ್ಕೆ ಹಾಲು ಹುಯ್ಯುತ್ತಿದ್ಲು.

"ಯಾವಳಮ್ಮಿ ಅದು, ನನ್ ಗಿಡುಕ್ಕ ಆಲ್ ಉಯ್ತಿರವ," ಅಂದ್ಲು ದೊಡ್ಡಮ್ಮ. ಚೆಂಬು ಅಲ್ಲೇ ನಿಂತೋಯ್ತು.

ಬಸವಮ್ಮ ಒಳಗಿಂದ ಬಂದು, ದೊಡ್ಡಮ್ಮನ್ನ ತನ್ನ ಬಾಗಿಲಲ್ಲಿ ನೋಡಿ ಎರಡೂ ಕೈ ಸೆರಗಿಗೆ ಒರೆಸ್ಕೊಂಡ್ಲು. ದೊಡ್ಡಮ್ಮ ಎಲ್ಲರಿಗೂ ಕೇಳೋ ಹಂಗೆ ಹೇಳಿದ್ಲು, ಇದು ತುಳಸಿ ಅಲ್ಲ, ಸಾಲ್ವಿ, ಬೇಗೂರಿಂದ ತಂದಿದ್ದು, ನಾನು ಸಾಕಿದ್ದು, ನನ್ನ ಸೊಸೆ ತಿಪ್ಪೆಗೆ ಹಾಕಿದ್ದು, ಗೊಬ್ಬರದ ಜೊತೆ ಹೊಲಕ್ಕೆ ಹೋಗಿ ಹುಟ್ಟಿದ್ದು, ಈಗ ಕೊಡು ಅಂತ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ತಿಪ್ಪೆ ಅಂದಿದ್ದು ಅವರಿಗೆ ಹಿಡಿಸಲಿಲ್ಲ. ಒಬ್ಬ ಅಜ್ಜಿಯಂತೂ, ಲಿಂಗದೋರಿಗೆ ರಂಗಪ್ಪನ ಮಹಿಮೆ ಏನು ಗೊತ್ತು ಅಂತ ಗೊಣಗ್ತು.

ಬಸವಮ್ಮ ದೊಡ್ಡಮ್ಮನ ಮೊಣಕೈ ಹಿಡಿದು ಕಟ್ಟೆ ಹಿಂದಕ್ಕೆ ಕರ್ಕೊಂಡು ಹೋದ್ಲು. ಧ್ವನಿ ತಗ್ಗಿಸಿದ್ಲು, ನಾನು ಪಕ್ಕದಲ್ಲೇ ಇದ್ದಿದ್ರಿಂದ ಕೇಳಿಸ್ತು.

"ತುಳಸಿ ಅಲ್ಲ ಅಂತ ನಂಗೂ ಗೊತ್ತಾಯ್ತು ಕಣ್ರವ್ವ, ತೆನೆ ಕೆಂಪಗಾದಾಗ್ಲೇ. ಎಲೆ ಬಾಯ್ಗಾಕಂಡು ನೋಡ್ದೆ, ತುಳಸಿ ರುಚಿನೇ ಇಲ್ಲ. ಆದ್ರ ಅಷ್ಟೊತ್ಗ ದಿನಾ ದೀಪ ಅಚ್ಚಿ ಕೈ ಮುಗ್ದಿದ್ದೆ. ಕೈ ಮುಗ್ದ ಮ್ಯಾಲ, ನೀನು ಅದಲ್ಲ, ಆಚ್ಗ ನಡಿ ಅಂತ ಯಾವ್ ಬಾಯಲ್ಲಿ ಏಳನ?"

ದೊಡ್ಡಮ್ಮ ಅದಕ್ಕೂ ಸಿಟ್ಟು ಮಾಡ್ಕೊಂಡು ಗಿಡದ ಕಡೆ ತಿರುಗಿದ್ಲು. ಕೆಳಗಿನ ಎಲೆ ಹಳದಿಯಾಗಿತ್ತು. ಮಣ್ಣು ಮುಟ್ಟಿ ನೋಡಿದ್ರೆ ಕೆಸರು, ಹುಳಿ ಹಾಲಿನ ವಾಸನೆ. ಅಷ್ಟೂ ಜನ ಬಂದು ಬಂದು ನೀರು, ಹಾಲು, ಅರಿಸಿನ ನೀರು ಅಂತ ಹುಯ್ದು ಗಿಡದ ಬೇರು ಕೊಳೀತಿತ್ತು. ತೆನೆ ಇನ್ನೂ ಹಸಿ, ಬೀಜ ಬಲಿತಿಲ್ಲ. ಗಿಡ ಕಿತ್ಕೊಂಡು ಹೋದ್ರೂ ಸಾಯುತ್ತೆ, ಇಲ್ಲಿ ಬಿಟ್ರೂ ಸಾಯುತ್ತೆ. ಬೀಜ ಬಲಿಯೋ ತನಕ ಹೆಂಗಾದ್ರೂ ಬದುಕಿಸ್ಬೇಕು. ಬೇರೆ ದಾರಿನೇ ಇರಲಿಲ್ಲ.

ಮಾರನೇ ದಿನದಿಂದ ದೊಡ್ಡಮ್ಮ ಬೆಳಿಗ್ಗೆ ರೊಟ್ಟಿ ಮುಗಿಸಿದ ತಕ್ಷಣ ಬಸವಮ್ಮನ ಬಾಗಿಲಿಗೆ ಹೋಗಿ ಕಟ್ಟೆ ಪಕ್ಕ ಕೂತ್ಕೊಳ್ಳೋಕೆ ಶುರು ಮಾಡಿದ್ಲು. ಹಾಲು ತಂದೋರಿಗೆ ಬೈದು ಆ ಹಾಲನ್ನ ಬಸವಮ್ಮನ ಪಾತ್ರೆಗೆ ಹುಯ್ಯಿಸ್ತಿದ್ಲು. ನೀರು ತಂದೋರಿಗೆ ಒಂದು ಹನಿ ಸಾಕು ಅಂತ ಗದರ್ತಿದ್ಲು. ಪ್ರಸಾದ ಅಂತ ಹೂವಿಗೆ ಕೈ ಹಾಕಿದೋರ ಕೈಗೆ ಹೊಡೀತಿದ್ಲು. ಈ ಅಮ್ಮನ ಮೈಮೇಲೆ ಏನೋ ಬರುತ್ತೆ ಅಂತ ಹೊರಗಿನೋರು ಮಾತಾಡ್ಕೊಂಡ್ರು, ಇಬ್ಬರು ಬಂದು ಅವಳ ಕಾಲಿಗೆ ಬೇರೆ ಬಿದ್ರು. ಅವರಿಗೆ ಸಿಕ್ಕಿದ ಆಶೀರ್ವಾದ ನಾನು ಇಲ್ಲಿ ಬರೆಯಲ್ಲ.

ಮನೇಲಿ ದೊಡ್ಡಪ್ಪ ಮೆಲ್ಲಗೆ ಹೇಳಿ ನೋಡಿದ್ರು, ನೆಂಟರು ಕೇಳ್ತಿದ್ದಾರೆ, ಆ ಬೀದೀಲಿ ಹೋಗಿ ಕೂತ್ಕೊಳ್ಳೋದು ಚೆನ್ನಾಗಿರಲ್ಲ ಅಂತ. ಸಿಮೆಂಟ್ ಹಾಕ್ಸುವಾಗ ನನ್ನ ಕೇಳಿದ್ರಾ ಅಂತ ದೊಡ್ಡಮ್ಮ ಕೇಳಿದ್ಲು. ದೊಡ್ಡಪ್ಪ ಪೇಪರ್ ಓದೋಕೆ ಶುರು ಮಾಡಿದ್ರು.

ರಂಗಸ್ವಾಮಿ ಜೊತೆ ಮಾತ್ರ ಜಗಳ ಗೆಲ್ಲೋಕಾಗ್ಲಿಲ್ಲ. ಆ ಕಟ್ಟೆಗೆ ತಳದಲ್ಲಿ ತೂತೇ ಇರಲಿಲ್ಲ, ನೀರು ಹೊರಗೆ ಹೋಗೋಕೆ ದಾರಿನೇ ಇಲ್ಲ. ಒಂದು ಉಳಿ ತಗೊಂಡು ಪಕ್ಕದಲ್ಲಿ ತೂತು ಮಾಡು ಅಂತ ದೊಡ್ಡಮ್ಮ ದಿನಾ ಹೇಳಿದ್ಲು. ರಂಗಸ್ವಾಮಿ ತುಂಬ ಮರ್ಯಾದೆಯಿಂದ, ದೇವರು ಕೂತಿರುವಾಗ ಕಟ್ಟೆಗೆ ಸುತ್ತಿಗೆ ಏಟು ಹಾಕೋಕಾಗಲ್ಲ ಅವ್ವಾರೆ ಅಂತ ದಿನಾ ಹೇಳಿದ. ಗಿಡ ಎತ್ತಿ ಬೇರೆ ಕಡೆ ಇಡು ಅಂದ್ರೆ ಕಾರ್ತಿಕದಲ್ಲಿ ತುಳಸಿ ಎಬ್ಬಿಸ್ತಾರಾ ಅಂದ. ತೆನೇನಾದ್ರೂ ಕೊಡು ಅಂದ್ರೆ, ಪೂಜೆ ಗಿಡಕ್ಕೆ ಕತ್ತರಿ ಹಾಕಿದ್ರೆ ನಮ್ಮನೆಗೆ ಆಗಿಬರಲ್ಲ ಅಂದ. ಅವನು ಧ್ವನಿ ಎತ್ತಿ ಮಾತಾಡಿದ್ರೆ ದೊಡ್ಡಮ್ಮ ಗೆದ್ದಿರ್ತಿದ್ಲು. ಅವನು ಎತ್ತಲೇ ಇಲ್ಲ.

ಅಷ್ಟರಲ್ಲಿ ತಮಿಳುನಾಡು ಕಡೆ ಸೈಕ್ಲೋನ್ ಅಂತ ನಮಗೆ ಜಡಿಮಳೆ ಹಿಡೀತು. ಕಾಲೇಜಿಗೆ ರಜೆ ಕೊಡ್ತಾರೇನೋ ಅಂತ ನಾನು ಖುಷಿಯಾಗಿದ್ದೆ. ದೊಡ್ಡಮ್ಮ ಛತ್ರಿ ಹಿಡ್ಕೊಂಡು ಕಟ್ಟೆ ಹತ್ರ ನಿಂತು, ತಗಡಿನ ಶೀಟೊಂದು ಕಟ್ಟಿಸಿ, ಮಳೆಗೆ ಬೈದು, ರಂಗಸ್ವಾಮಿಗೆ ಬೈದು, ಒದ್ದೆಯಾಗಿ ವಾಪಸ್ ಬರ್ತಿದ್ಲು. ಪಕ್ಕದಿಂದ ಹೊಡೆಯೋ ಮಳೆಗೆ ತಗಡು ಏನು ಮಾಡುತ್ತೆ. ಮಳೆ ಬಿಟ್ಟ ಮೇಲೆ ಒಳ್ಳೆ ಬಿಸಿಲು ಬಂತು, ಆ ಬಿಸಿಲಿಗೇ ಗಿಡ ಬಾಡೋಕೆ ಶುರುವಾಯ್ತು. ಎಲೆ ಜೋತು ಬಿತ್ತು, ಆಮೇಲೆ ಕಾಂಡ ಕಪ್ಪಾಯ್ತು. ತೆನೆ ಕೆಳಗಿಂದ ಒಣಗುತ್ತಾ ಬಂತು. ಕೆಳಗಿನ ಗೊಂಚಲಲ್ಲಿ ಬೀಜ ಬಲಿತಿರಬಹುದು, ಮೇಲಿಂದು ಇಲ್ಲ ಅಂತ ದೊಡ್ಡಮ್ಮ ಅಂದ್ಲು. ಅಲ್ಲಿ ತನಕ ಅವಳು ಯಾವುದರ ಬಗ್ಗೆನೂ 'ಇರಬಹುದು' ಅಂದಿದ್ದನ್ನ ನಾನು ಕೇಳಿರಲಿಲ್ಲ.

ಒಂದು ಬೆಳಿಗ್ಗೆ ನಾನು ಬಸ್ಸಿಗೆ ಅಂತ ಹೋಗ್ತಿದ್ದೆ. ಆಚೆ ಬೀದಿ ತಿರುವಲ್ಲಿ ರಂಗಸ್ವಾಮಿ ಸ್ನಾನ ಮಾಡಿ ಒದ್ದೆ ಪಂಚೇಲೇ ಹರಿವಾಣದ ಮೇಲೆ ಬಾಳೆ ಎಲೆ ಹಾಸ್ತಾ ಇದ್ದಿದ್ದು ಕಾಣಿಸ್ತು. ಬಸವಮ್ಮ ಕಟ್ಟೆ ಮುಂದೆ ಕೂತು ಅಳ್ತಿದ್ಲು. ಗಿಡ ಪೂರ್ತಿ ಸತ್ತಿತ್ತು. ಕಟ್ಟೇಲಿ ಒಣಗಿದ್ ತುಳಸಿ ಇಟ್ಕೋಬಾರದು, ಕೆರೆ ನೀರಿಗೆ ಬಿಡಬೇಕು ಅನ್ನೋದು ಅವರ ಪದ್ಧತಿ, ಬೇರು ಕಾಂಡ ತೆನೆ ಎಲ್ಲಾ ಹಂಗಂಗೇ. ನಾನು ತಿರುಗಿ ಓಡಿದೆ, ಬಸ್ ಹಾರ್ನ್ ಮಾಡ್ತಿತ್ತು, ಹೋಗ್ಲಿ ಬಿಡು ಅಂತ ಓಡಿದೆ.

ದೊಡ್ಡಮ್ಮ ರಾಗಿ ಹಿಟ್ಟು ಕಲೆಸ್ತಾ ಇದ್ದೋಳು ಅದೇ ಕೈಲಿ ಬಂದ್ಲು. ರಂಗಸ್ವಾಮಿ ಆಗ್ಲೇ ಗಿಡ ಎತ್ತಿ ಹರಿವಾಣದಲ್ಲಿ ಇಟ್ಕೊಂಡು ಬೀದಿಗೆ ಇಳಿದಿದ್ದ. ಇವಳು ನಟ್ಟನಡುವೆ ನಿಂತ್ಲು.

"ಇಳ್ಸು ಕೆಳಕ್ಕ."

ರಂಗಸ್ವಾಮಿ ಅದೇ ಮೆತ್ತಗಿನ ಧ್ವನೀಲಿ, ನೀರಿಗೆ ಬುಡ್ಬೇಕು ಅವ್ವಾರೆ, ಇದರ ತೆನೆ ನಾವು ಮುಟ್ಟಂಗಿಲ್ಲ ಅಂದ. ದೊಡ್ಡಮ್ಮ ಅವತ್ತು ಕೂಗಾಡಲಿಲ್ಲ.

"ನೀನ್ ಮುಟ್ಬ್ಯಾಡ. ನಿನ್ ಎಡ್ತಿನೂ ಮುಟ್ಟದು ಬ್ಯಾಡ. ನಾವು ಲಿಂಗ ಕಟ್ದೋರು, ನಮ್ಗ ನಿಮ್ ತುಳಸಿ ಲೆಕ್ಕ ಇಲ್ಲ. ನಾನ್ ಕಿತ್ರ ನಿಮ್ ಮನ್ಗ ದ್ವಾಸ ಬರಲ್ಲ. ಒಂದ್ಸಲ ನನ್ ಕೇಳ್ದೆ ತಿಪ್ಪೆಗ ಆಕುದ್ರು. ಈಗ ನೀವು ನನ್ ಕಣ್ಮುಂದನೇ ಕೆರಗ ಆಕಿರಾ?"

ರಂಗಸ್ವಾಮಿ ಹೆಂಡ್ತಿ ಕಡೆ ನೋಡಿದ. ಬಸವಮ್ಮ ಮೂಗು ಒರೆಸ್ಕೊಂಡು ಎದ್ದು ಬಂದ್ಲು, ಗಂಡನ ಕೈಯಿಂದ ಹರಿವಾಣ ತಗೊಂಡ್ಲು, ದೊಡ್ಡಮ್ಮನ ಮುಂದೆ ಕೆಳಗಿಟ್ಲು. ಆಮೇಲೆ ಇಬ್ಬರೂ ಬೇಕಂತಲೇ ಗೋಡೆ ಕಡೆ ತಿರುಗಿ ನಿಂತ್ರು, ನೋಡಿದ್ರೆ ಒಪ್ಪಿಗೆ ಕೊಟ್ಟಂಗಾಗುತ್ತಲ್ಲ.

ದೊಡ್ಡಮ್ಮ ಬಸವಮ್ಮನ ಹೊಸ್ತಿಲಲ್ಲಿ ಕೂತು ಮೊರ ಕೇಳಿ ಇಸ್ಕೊಂಡು ಒಂದೊಂದೇ ತೆನೆ ಮುರಿದ್ಲು. ಒಣಗಿದ ಗೊಂಚಲನ್ನ ಅಂಗೈಲಿ ತಿಕ್ಕಿ, ಹೊಟ್ಟು ಊದಿ, ಮತ್ತೆ ತಿಕ್ಕಿ, ಮತ್ತೆ ಊದಿ. ಎಷ್ಟೋ ಹೊತ್ತು ಬರೀ ಹೊಟ್ಟೇ. ಒಂದೊಂದು ಗೊಂಚಲೂ ಪೊಳ್ಳಾದಾಗ ಅವಳು ಒಂದೊಂದು ಬೈಗುಳ ನುಂಗ್ತಿದ್ಲು. ಆಮೇಲೆ ಮೊರದಲ್ಲಿ ಕಪ್ಪಗೆ ಒಂದು ಉರುಳ್ತು. ಇನ್ನೊಂದು. ಬಸವಮ್ಮ ಗೋಡೆ ಕಡೆ ನಿಂತಿದ್ದೋಳು ತಡೆಯೋಕಾಗದೆ ಬಗ್ಗಿ ನೋಡಿದ್ಲು. ಕೊನೆಗೆ ಸಿಕ್ಕಿದ್ದು ಒಂದು ಚಿಟಿಕೆ, ಸಾಸಿವೆ ಒಗ್ಗರಣೆಗೆ ಹಾಕ್ತೀವಲ್ಲ ಅಷ್ಟು. ಬಸವಮ್ಮ ಒಳಗೆ ಹೋಗಿ ಬೆಲ್ಲದ ಕಾಫಿ ತಂದಿಟ್ಲು. ದೊಡ್ಡಮ್ಮ ಬೀಜದಿಂದ ಕಣ್ಣು ತೆಗೀದೆ ಅದನ್ನ ಎತ್ಕೊಂಡು ಕುಡಿದು, ಬೆಲ್ಲ ಜಾಸ್ತಿಯಾಯ್ತು ಅಂದ್ಲು. ಬೀದೀಲಿ ನಿಂತಿದ್ದೋರೆಲ್ಲ ಆ ಲೋಟದ ಕಡೆಗೇ ಕತ್ತು ಚಾಚಿದ್ರು.

ತೆನೆ ಇಲ್ಲದ ಗಿಡವನ್ನ ರಂಗಸ್ವಾಮಿ ಮರ್ಯಾದೆಯಾಗಿ ಕೆರೆಗೆ ಬಿಟ್ಟು ಬಂದ. ಅಷ್ಟೊತ್ತಿಗೆ ಬಸವಮ್ಮಂಗೆ ಮನಸ್ಸು ಹಗುರ ಆಗಿತ್ತು. ಒಳ್ಳೇದಾಯ್ತು ಬಿಡ್ರವ್ವ, ನಿಮ್ಮ ಬೀಜ ನೀವೇ ಪೂರ್ತಿ ಇಟ್ಕೊಳ್ಳಿ, ನಾನು ಗುಡಿಯಿಂದ ನಿಜವಾದ ತುಳಸಿ ಸಸಿನೇ ತಂದು ಇಡ್ತೀನಿ, ಇನ್ನು ಗೋಜೇ ಇಲ್ಲ ಅಂದ್ಲು. ಖುಷಿಯಾಗಿ ಅಂದಿದ್ದು. ನಾನೂ ಎಲ್ಲಾ ಸರಿಹೋಯ್ತು ಅನ್ಕೊಂಡೆ.

ದೊಡ್ಡಮ್ಮ ಮೊರ ಕೆಳಗಿಟ್ಲು.

"ಅಂದ್ರ, ಈಗ ನನ್ ಸಾಲ್ವಿ ನಿನ್ ಕಟ್ಟೆಗ ಬ್ಯಾಡ್ವಾ?"

ಬಸವಮ್ಮ ಕಕ್ಕಾಬಿಕ್ಕಿ. ತುಳಸಿ ಅಲ್ಲ ತುಳಸಿ ಅಲ್ಲ ಅಂತ ಊರೆಲ್ಲ ಕೇಳಂಗೆ ಹೇಳಿದ್ದು ನೀವೇ ಅಲ್ವಾ ಅಂದ್ಲು.

"ಅಲ್ಲ ಅಂದ್ರ? ತುಳಸಿ ಅಲ್ದಿದ್ರ ಕಣ್ಗ ಕಾಣಲ್ವಾ ಅದು? ಇಷ್ಟ್ ದಿನ ಆಲ್ ಕುಡ್ಸಿ ಸಾಯ್ಸ್ಬುಟ್ಟು, ಈಗ ಬ್ಯಾಡಂತ ಬ್ಯಾಡ."

ಸಿಟ್ಟು ನೆತ್ತಿಗೇರಿತ್ತು. ರಂಗಸ್ವಾಮಿನ ಕೂಗಿ, ಈಗ ಕಟ್ಟೇಲಿ ಯಾವ ದೇವರೂ ಇಲ್ಲವಲ್ಲ, ಎತ್ತು ಸುತ್ತಿಗೆ ಅಂದ್ಲು. ಅವನು ಒಂದು ಗಳಿಗೆ ಯೋಚನೆ ಮಾಡಿದ, ತಪ್ಪು ಕಾಣಿಸಲಿಲ್ಲ, ಉಳಿ ಇಟ್ಟು ಹೊಡೆದ. ತಳದಿಂದ ಕೊಳೆತ ನೀರು ಬೀದಿ ತನಕ ಹರೀತು. ಹಳೇ ಮಣ್ಣು ತೆಗೆಸಿ, ಮರಳು ಬೆರೆಸಿದ ಹೊಸ ಮಣ್ಣು ತುಂಬಿಸಿ, ತುಳಸಿ ಎಲ್ಲಿ ಬರಬೇಕು ಅಂತ ನಡುಮಧ್ಯೆ ಒಂದು ಕಡ್ಡಿ ನೆಟ್ಲು. ಅಂಚು ತನ್ನ ಸಾಲ್ವಿಗೆ ಅಂದ್ಲು. ಆಮೇಲೆ ಆ ಒಂದು ಚಿಟಿಕೆ ಬೀಜವನ್ನ ಬೆರಳಲ್ಲಿ ಎರಡು ಭಾಗ ಮಾಡಿದ್ಲು. ಒಂದು ಭಾಗ ಸೆರಗಿಗೆ ಕಟ್ಕೊಂಡ್ಲು. ಇನ್ನೊಂದನ್ನ ಕಟ್ಟೆ ಅಂಚಿಗೆ ಉದುರಿಸಿದ್ಲು.

ಬಸವಮ್ಮ ಭಕ್ತಿಯಿಂದ ಎರಡೂ ಕೈಲಿ ಮಣ್ಣು ತಂದು ಬೀಜ ಮುಚ್ಚೋಕೆ ಹೋದ್ಲು. ದೊಡ್ಡಮ್ಮ ಅವಳ ಕೈ ಮೇಲೆ ಒಂದು ಕೊಟ್ಲು.

"ಮುಚ್ಬ್ಯಾಡ ಕಣಮ್ಮಿ. ಇದು ಬೆಳಕ ಕಂಡ್ರನೇ ಉಟ್ಟದು. ಎಲ್ಲಾನೂ ನಿಂಗ ಏಳ್ಕೊಡ್ಬೇಕಲ್ಲ."

ಬಸವಮ್ಮ ಆಯ್ತು ಅಂತ ತಲೆ ಆಡಿಸಿದ್ಲು. ಆ ತಲೆ ಆಡಿಸಿದ ರೀತಿನೂ ದೊಡ್ಡಮ್ಮಂಗೆ ಸರಿ ಬರಲಿಲ್ಲ. ನೀವು ನೀರು ಹಾಕೋ ಚೆಂದ ನಂಗೊತ್ತು, ನಾಳೆ ಬೆಳಿಗ್ಗೆ ನಾನೇ ಬಂದು ಚಿಮುಕಿಸ್ತೀನಿ, ಅಲ್ಲಿ ತನಕ ಯಾರೂ ಚೆಂಬು ಹಿಡ್ಕೊಂಡು ಈ ಕಡೆ ಬರ್ಕೂಡದು ಅಂತ ಬೀದಿಗೆಲ್ಲ ಕೇಳೋ ಹಂಗೆ ಹೇಳಿ, ಒಣಗಿದ ಹಿಟ್ಟಿನ ಕೈನ ಬಸವಮ್ಮನ ಬಚ್ಚಲಲ್ಲೇ ತೊಳ್ಕೊಂಡು ಮನೆ ಕಡೆ ಹೊರಟ್ಲು.